ಏಡಿ ಮುಟ್ಟದ ಮೇಷ್ಟ್ರು

ಇಡೀ ಮದರಾಸಿನಲ್ಲಿ ಏಡಿಗಳ ವಿಷಯ ನಮ್ಮ ಚಿಕ್ಕಪ್ಪನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಆದರೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಅಷ್ಟೂ ವರ್ಷ ಅವರು ಒಂದೇ ಒಂದು ಏಡಿಯನ್ನೂ ಕೈಯಿಂದ ಮುಟ್ಟಲಿಲ್ಲ! ಸೌಟು ಮುಟ್ಟದೆ ಮದುವೆಯ ಅಡಿಗೆ ಮಾಡಲು ಸಾಧ್ಯವೇ ಎಂದು ಕೇಳುತ್ತೀರಾ? ಚಿಕ್ಕಪ್ಪ ಮಾಡಿ ತೋರಿಸಿದ್ದರು.

ಇದಕ್ಕೆ ಮೂಲ ನಮ್ಮ ಅಜ್ಜಿ. ಟಿ. ನಗರದಲ್ಲಿದ್ದ ನಮ್ಮದು ವೈಷ್ಣವರ ಮನೆ. ಮಕ್ಕಳಾದ ನಾವು ಅರ್ಧ ತಮಿಳಿನಲ್ಲಿ ಜಗಳವಾಡುವಷ್ಟು ಮದರಾಸಿನವರಾಗಿದ್ದರೂ ಅಜ್ಜಿಯ ಮಡಿ ಮಾತ್ರ ಒಂದು ಎಳೆಯೂ ಸಡಿಲಾಗಿರಲಿಲ್ಲ. ಚಿಕ್ಕಪ್ಪನಿಗೆ ಕೆಲಸ ಸಿಕ್ಕ ದಿನ ಅಜ್ಜಿ ಅವರನ್ನು ದೇವರ ಮುಂದೆ ನಿಲ್ಲಿಸಿ, "ಓದೋವಾಗ ಮುಟ್ಟಿದ್ದು ಮುಟ್ಟಿದೆ. ಇನ್ಮೇಲೆ ಆ ಪ್ರಾಣಿಗಳನ್ನ ಮುಟ್ಟಲ್ಲ ಅಂತ ಮಾತು ಕೊಡು" ಅಂದರಂತೆ. ಕೆಲಸ ಸಿಕ್ಕ ಖುಷಿಯಲ್ಲಿ ಮನುಷ್ಯ ಏನು ಬೇಕಾದರೂ ಕೊಡುತ್ತಾನೆ. ಇವರೂ ಕೊಟ್ಟರು.

ಕೊಟ್ಟ ಮೇಲೆ ತಪ್ಪುವ ಜಾತಿಯಲ್ಲ! ಪ್ರತಿ ಭಾನುವಾರ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ರೈಲಿನಲ್ಲಿ ಎಣ್ಣೂರಿಗೆ ಹೋಗುತ್ತಿದ್ದರು. ಹುಡುಗರು ಹಿನ್ನೀರಿನ ಕೆಸರಿನಲ್ಲಿ ಮೊಣಕಾಲುದ್ದ ಇಳಿಯುತ್ತಿದ್ದರು. ಚಿಕ್ಕಪ್ಪ ದಡದಲ್ಲಿ ಕೊಡೆ ಹಿಡಿದು ನಿಂತು, ಯಾವ ಬಿಲದಲ್ಲಿ ಯಾವ ಏಡಿ ಇದೆ, ಅದು ಗಂಡೋ ಹೆಣ್ಣೋ ಎಂದು ಜಾತಕ ಹೇಳುವವರ ಹಾಗೆ ಹೇಳುತ್ತಿದ್ದರು. ಅಲ್ಲಿನ ಮೀನುಗಾರರು ಅವರನ್ನು 'ಕುಡೈ ವಾತ್ಯಾರ್', ಕೊಡೆ ಮೇಷ್ಟ್ರು, ಎಂದೇ ಕರೆಯುತ್ತಿದ್ದರು.

ಒಂದು ಸಲ ವಿದ್ಯಾರ್ಥಿಯೊಬ್ಬ ನಮ್ಮ ಜಗಲಿಯ ಮೇಲಿಟ್ಟ ಬಿಸ್ಕತ್ತಿನ ಡಬ್ಬಿಯಿಂದ ಒಂದು ಏಡಿ ತಪ್ಪಿಸಿಕೊಂಡು ನೇರವಾಗಿ ಅಡಿಗೆಮನೆಗೇ ನುಗ್ಗಿತು. ಅಜ್ಜಿ ಮಣೆಯ ಮೇಲೆ ಹತ್ತಿ ನಿಂತರು. ಮುಟ್ಟುವವರು ಯಾರು? ವಿದ್ಯಾರ್ಥಿಗೆ ಅಡಿಗೆಮನೆಗೆ ಪ್ರವೇಶವಿಲ್ಲ, ಪ್ರವೇಶವಿದ್ದ ನಮಗೆ ಧೈರ್ಯವಿಲ್ಲ, ಧೈರ್ಯವಿದ್ದ ಚಿಕ್ಕಪ್ಪ ಮಾತು ಕೊಟ್ಟವರು! ಅವರು ಶಾಂತವಾಗಿ ಕೊಡೆ ಬಿಡಿಸಿ ನೆಲದ ಮೇಲೆ ಓರೆಯಾಗಿಟ್ಟರು. ಕತ್ತಲು ಕಂಡರೆ ಅದೇ ಬರುತ್ತದೆ ಎಂದರು. ಬಂತು. ಮೆಲ್ಲಗೆ ಕೊಡೆ ಮುಚ್ಚಿಕೊಂಡು ಹೊರಟರು. ಅಜ್ಜಿ ಆ ಕೊಡೆಗೆ ನಾಲ್ಕು ಕೊಡ ನೀರು ಹುಯ್ಯಿಸಿದರು.

ಇಷ್ಟರಲ್ಲೇ ಮುಗಿದಿದ್ದರೆ ಇದು ನಗುವ ಕಥೆಯಾಗಿಯೇ ಉಳಿಯುತ್ತಿತ್ತು. ಆದರೆ ಚಿಕ್ಕಪ್ಪ ಆ ಮಾತಿನಿಂದ ಇನ್ನೊಂದು ನಿಯಮ ಹೊಸೆದುಕೊಂಡಿದ್ದರು. ಏಡಿಯನ್ನು ಮುಟ್ಟಿದವನದೇ ಸಂಶೋಧನೆಯ ಪೇಪರು. ವಿಷಯ ಹೊಳೆದದ್ದು ಚಿಕ್ಕಪ್ಪನಿಗೆ, ಬರೆಸಿದ್ದು ಅವರು, ತಿದ್ದಿದ್ದು ಅವರು. ವಿದ್ಯಾರ್ಥಿ ಗೌರವದಿಂದ ತನ್ನ ಹೆಸರಿನ ಪಕ್ಕ ಅವರ ಹೆಸರು ಬರೆದು ತಂದರೆ ಕೆಂಪು ಪೆನ್ಸಿಲಿನಿಂದ ಅದನ್ನು ಹೊಡೆದುಹಾಕುತ್ತಿದ್ದರು. ಆಮೇಲೆ ಅದು ನನ್ನ ಟೈಪ್‌ರೈಟರಿಗೆ ಬರುತ್ತಿತ್ತು. ನಾನಾಗ ಹತ್ತೊಂಬತ್ತರವಳು, ಹೊಸದಾಗಿ ಟೈಪಿಂಗ್ ಪಾಸು ಮಾಡಿದ ಜಂಬ ಬೇರೆ. "ಇದ್ದದ್ದನ್ನ ಇದ್ದ ಹಾಗೆ ಹೊಡಿ, ನಿನ್ನ ಬುದ್ಧಿವಂತಿಕೆ ಸೇರಿಸಬೇಡ" ಎಂಬುದು ಅವರ ಆಜ್ಞೆ.

ಚಿಕ್ಕಪ್ಪನ ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ಬೇಸಿಗೆಯಲ್ಲಿ ನಿಲ್ಲಿಸಿ, ಜೂನಿನಲ್ಲಿ ಮತ್ತೆ ತೆಗೆದುಕೊಳ್ಳುತ್ತಿದ್ದರು. ಆ ವರ್ಷ ವಿಭಾಗದ ಮುಖ್ಯಸ್ಥರು ಕರೆದು ಹೇಳಿದರು: ಖಾಯಂ ಮಾಡುವ ಸಮಿತಿ ಬರುತ್ತಿದೆ, ತಮ್ಮ ಹೆಸರಿರುವ ಪೇಪರು ಒಂದಾದರೂ ಇರಬೇಕು, ಇಲ್ಲದವರನ್ನು ಜೂನಿನಲ್ಲಿ ಕರೆಯುವುದಿಲ್ಲ. ಪಕ್ಕದ ತರಗತಿಯ ಹುಡುಗರೂ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಪಾಠ ಅವರದು. ಸಮಿತಿಯ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ!

ಆಗ ಕೈಯಲ್ಲಿದ್ದದ್ದು ಒಂದೇ ಪೇಪರು. ಅದರ ಮೇಲೂ ಕೆಂಪು ಗೆರೆ ಬಿದ್ದಿತ್ತು. ಅದನ್ನು ಟೈಪಿಗೆ ತಂದ ವಿದ್ಯಾರ್ಥಿ ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ, "ಅಕ್ಕಾ, ಸಾರ್ ಪೇರೆ ನೀಂಗಳೇ ಪೋಟ್ಟುಡುಂಗ" ಅಂದ. ಸಾರ್ ಹೆಸರು ನೀವೇ ಹಾಕಿಬಿಡಿ ಎಂದು. ಇದು ಅವರದೇ ಕೆಲಸ, ನಾನು ಬರೀ ಏಡಿ ಹಿಡಿದವನು ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಹಾಕಬಹುದಿತ್ತು. ಒಂದೇ ಒಂದು ಸಾಲು. ಆದರೆ ಅಂದು ಬೆಳಿಗ್ಗೆ ಯಾವುದೋ ಏಡಿಯ ಲ್ಯಾಟಿನ್ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಚಿಕ್ಕಪ್ಪ ಅದೇ ಹುಡುಗನ ಎದುರಿಗೆ ನನ್ನನ್ನು ಗದರಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಇದ್ದದ್ದನ್ನು ಇದ್ದ ಹಾಗೆ ತಾನೇ ಹೊಡೆಯಬೇಕು? ಹಾಗೇ ಹೊಡೆದೆ. ಲಕೋಟೆಗೆ ಹಾಕಿ ಅಂಟಿಸಿ, ಪತ್ರಿಕೆಗೆ ಅಂಚೆಯಲ್ಲಿ ಕಳಿಸಲು ಚಿಕ್ಕಪ್ಪನ ಕೈಗೇ ಕೊಟ್ಟೆ.

ಸಮಿತಿಯಲ್ಲಿ ಒಬ್ಬರು ಅಚ್ಚಾಗಿ ಬಂದ ಆ ಪೇಪರನ್ನು ಎತ್ತಿ ಹಿಡಿದು, ಇದರಲ್ಲಿ ನಿಮ್ಮ ಕೆಲಸವೂ ಇದೆಯಲ್ಲವೇ ಎಂದು ಕೇಳಿದರಂತೆ. ಎಂಥ ಅವಕಾಶ! ನಮ್ಮ ಚಿಕ್ಕಪ್ಪ, "ನಾನು ಕೊಡೆ ಹಿಡಿದಿದ್ದೆ" ಎಂದು ಉತ್ತರ ಕೊಟ್ಟು ಎದ್ದು ಬಂದರು. ಜೂನ್ ಬಂತು, ಕಾಗದ ಬರಲಿಲ್ಲ. ವಿಷಯ ತಿಳಿದ ಅಜ್ಜಿ, "ಮುಟ್ಟಿ ಬಂದು ಒಂದು ತಲೆಸ್ನಾನ ಮಾಡಿದ್ರೆ ಹೋಗ್ತಿತ್ತಲ್ಲೋ. ನನ್ನನ್ನ ಒಂದು ಮಾತು ಕೇಳಬಾರದಿತ್ತೇ" ಅಂದರು. ಆಮೇಲೆ ಅವರು ಮಡಿಯ ಮಾತನ್ನು ಯಾರಿಗೂ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಲಿಲ್ಲ.

ಚಿಕ್ಕಪ್ಪ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರಾದರು. ಎಣ್ಣೂರಿನ ಕಡೆ ಮತ್ತೆ ಹೋಗಲಿಲ್ಲ. ನನ್ನ ಮದುವೆಯಾಗಿ, ನಾನು ಬಾಣಂತನಕ್ಕೆ ತವರಿಗೆ ಬಂದಾಗ ಒಂದು ಸಂಜೆ ತಡೆಯಲಾರದೆ ಎಲ್ಲವನ್ನೂ ಒಪ್ಪಿಕೊಂಡೆ. ಆ ಹುಡುಗ ಬೇಡಿಕೊಂಡದ್ದು, ನನ್ನ ಹಾಳು ಕೋಪ, ಹೊಡೆಯದೆ ಬಿಟ್ಟ ಸಾಲು.

ಚಿಕ್ಕಪ್ಪ ನನ್ನ ಮಗುವಿನ ತಲೆಗೆ ಬಿಸಿಲು ತಾಕದಂತೆ ಕೊಡೆ ಹಿಡಿದು ಕೂತಿದ್ದರು. "ಗೊತ್ತು ಕಣೇ. ಅವನು ಹೇಳಿದ್ದು ನನಗೂ ಕೇಳಿಸಿತ್ತು" ಅಂದರು.

ಅವರೇ ಮುಂದುವರಿಸಿದರು.

"ಅಂಚೆ ಕಚೇರಿ ಹತ್ರ ಲಕೋಟೆ ಬಿಚ್ಚಿ ನೋಡಿದೆ. ನನ್ನ ಹೆಸರು ಹಾಕಿರ್ತೀಯೇನೋ ಅಂತ."

"ಹಾಕಿದ್ದಿದ್ರೆ ಏನು ಮಾಡ್ತಿದ್ರಿ, ಚಿಕ್ಕಪ್ಪ?"

ಬಿಸಿಲು ಸರಿದಿತ್ತು. ಅವರು ಕೊಡೆಯನ್ನು ಸ್ವಲ್ಪ ಈಚೆಗೆ ವಾಲಿಸಿದರು.

"ಹಾಗೇ ಅಂಟಿಸಿ ಅಂಚೆಗೆ ಹಾಕಿಬಿಡ್ತಿದ್ದೆ."