ಕೋಡಿಹಳ್ಳಿಗಿಂತ ಹಿಮಾಲಯ ದಪ್ಪ

ಭೂಮಿಯ ಹೊರಪದರದ ದಪ್ಪ ಅಳೆಯುವುದು ನನ್ನ ಕೆಲಸ. ಈ ಕೆಲಸದಲ್ಲಿ ನೆಲ ನಡುಗುವುದು ಅಪರೂಪ, ಹೊಟ್ಟೆ ಉರಿಯುವುದು ದಿನನಿತ್ಯ.

೧. ಫೋಟೊ

ದೂರದಲ್ಲೆಲ್ಲೋ ಭೂಕಂಪವಾದರೆ ಅದರ ಅಲೆ ನೆಲದೊಳಗಿಂದ ಹಾದು ಬರುತ್ತದೆ. ನಮ್ಮ ಯಂತ್ರ ಅದನ್ನು ಬರೆದುಕೊಳ್ಳುತ್ತದೆ, ಅದರಿಂದ ನಾವು ಪದರದ ದಪ್ಪ ಲೆಕ್ಕ ಹಾಕುತ್ತೇವೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯನಿಗೆ ಯಂತ್ರ ಇಡಲು ಹಿಮಾಲಯ ಸಿಕ್ಕಿತು. ನನಗೆ ಕೋಡಿಹಳ್ಳಿ ಕಡೆಯ ರೈತರೊಬ್ಬರ ಹೊಲದ ಬಂಡೆ. ಕೋಟ್ಯಂತರ ವರ್ಷಗಳಿಂದ ಅಲುಗಾಡದೆ ಕೂತಿರುವಂಥದ್ದು. ಅವನು ಹಿಮದಲ್ಲಿ ನಿಂತ ಫೋಟೊ ಕಳಿಸಿದ. ನಾನು ಬಂಡೆಯ ಫೋಟೊ ಕಳಿಸಿದೆ.

"ಇದರಲ್ಲಿ ನೀನೆಲ್ಲಿ?" ಎಂದ.

"ತೆಗೆದವನು ನಾನೇ."

ಅವತ್ತೇ ಹಿಮಾಲಯಕ್ಕೆ ವರ್ಗ ಕೇಳಿದೆ. "ಮೊದಲು ಭೂಕಂಪದ ಒಂದು ಸ್ವಚ್ಛವಾದ ದಾಖಲೆ ತನ್ನಿ, ಆಮೇಲೆ ನೋಡೋಣ" ಎಂದರು ಮೇಲಧಿಕಾರಿ.

೨. ಎರಡು ಎಕರೆ

ನಾನೂ ಬಂಡೆಯ ಯಜಮಾನರೂ ನಿಂತಿದ್ದಾಗ ಪಕ್ಕದ ಹೊಲದವರು ಬೇಲಿಯಾಚೆಯಿಂದ ಕೇಳಿದರು: "ಇವನ ಹೊಲದ ಕೆಳಗೆ ಎಷ್ಟು ದಪ್ಪ ಐತೆ ಸಾ?"

"ಸುಮಾರು ಮೂವತ್ತೈದು ಕಿಲೋಮೀಟರ್."

"ನಮ್ದು?"

"ಅಷ್ಟೇ."

"ಅದೆಂಗಾಯ್ತದೆ? ನಮ್ದು ಎರಡು ಎಕರೆ ಜಾಸ್ತಿ ಐತಲ್ಲ."

ಹಿಮಾಲಯದ ಕೆಳಗೆ ಇದರ ಹೆಚ್ಚುಕಡಿಮೆ ಎರಡರಷ್ಟಿದೆ ಎಂದು ಸಮಾಧಾನ ಹೇಳಹೋದೆ. ಇಬ್ಬರೂ ಒಟ್ಟಿಗೆ ಮುಖ ಸಿಂಡರಿಸಿದರು. ಆ ಒಂದು ವಿಷಯದಲ್ಲಿ ನಾವು ಮೂವರೂ ಒಂದೇ ಪಕ್ಷ.

೩. ಸಂಜೆಯ ಕಂಪನ

ಯಂತ್ರ ಕುರಿಯ ಹೆಜ್ಜೆಯನ್ನೂ ಬರೆದುಕೊಂಡು ಆಫೀಸಿಗೆ ಕಳಿಸುತ್ತದೆ, ಹತ್ತಿರ ಬಿಡಬೇಡಿ ಎಂದು ಇಬ್ಬರಿಗೂ ಹೇಳಿದ್ದೆ. ಆದರೂ ದಿನಾ ಸಂಜೆ ಒಂದು ಸಣ್ಣ ಕಂಪನ ಕಾಣತೊಡಗಿತು. ಹೊಸದೇನೋ ಕಂಡುಹಿಡಿದೆನೆಂದು ಗೆಳೆಯನಿಗೆ ಹೇಳಿಯೂಬಿಟ್ಟೆ. ಹೋಗಿ ನೋಡಿದರೆ ಪಕ್ಕದವರು ತಮ್ಮ ಮಂದೆಯನ್ನು ಬಂಡೆಯ ಸುತ್ತ ಓಡಿಸುತ್ತಿದ್ದರು.

"ಇದ್ಯಾಕೆ ಯಜಮಾನ್ರೇ?"

"ಅವನ ಕುರಿ ಮಾತ್ರ ಬರ್ಕೊಂಡ್ರೆ ಎಂಗೆ ಸಾ? ನಮ್ಮವೂ ಒಸಿ ಆಫೀಸ್ಗೆ ಹೋಗ್ಲಿ ಅಂತ."

೪. ಎಂಥ ಬಂಡೆ

ಅವರ ಕುರಿಗಳು ಆಗಲೇ ಆಫೀಸು ತಲುಪಿವೆ ಎಂದು ಒಪ್ಪಿಸಿ ಮಂದೆಯನ್ನು ದೂರ ಸಾಗಿಸಿದ ವಾರದಲ್ಲೇ ನಡುಸಮುದ್ರದಲ್ಲಿ ಭೂಕಂಪವಾಯಿತು. ನನ್ನ ದಾಖಲೆ ಕನ್ನಡಿಯಂತೆ ಬಂತು. ಗೆಳೆಯನದರಲ್ಲಿ ಬರೀ ನದಿಯ ಮೊರೆತ, ಲಾರಿಗಳ ಗಡಗಡ. ಸಭೆಯಲ್ಲಿ ಎದೆಯುಬ್ಬಿಸಿ ಕೂತೆ.

"ಎಂಥ ಬಂಡೆ, ಎಷ್ಟು ಗಟ್ಟಿ, ಎಷ್ಟು ಶಾಂತ" ಎಂದರು ಮೇಲಧಿಕಾರಿ. ಬಂಡೆಯ ಮಾತು ಮೂರು ಸಲ ಬಂತು, ನನ್ನ ಹೆಸರು ಒಂದು ಸಲವೂ ಇಲ್ಲ. ವರ್ಗದ ಸುದ್ದಿ ಎತ್ತಿದೆ.

"ಇಂಥ ಬಂಡೆ ಬಿಟ್ಟು ಯಾರಾದರೂ ಹೋಗ್ತಾರೇನ್ರೀ? ಇನ್ನೂ ಎರಡು ವರ್ಷ ಅಲ್ಲೇ ಇರಿ."

ಮರುದಿನ ಬಂಡೆಯ ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು ಬೇಲಿಯತ್ತ ತಿರುಗಿದರು.

"ಕೇಳಿಸ್ತೇನ್ಲಾ? ನಮ್ ಬಂಡೆಗೆ ಎರಡು ವರ್ಷ ಎಕ್ಸ್‌ಟೆನ್ಷನ್ ಆಗೈತೆ. ನೋಡ್ಕೊಳಕ್ಕೆ ಸಾಹೇಬ್ರನ್ನೂ ಮಡಿಕ್ಕಂಡವ್ರೆ."