ಮೂಡಲಗಿಯ ಮೂರು ಟ್ಯಾಂಕರುಗಳು

ನಮ್ಮ ಗೋಕಾಕ ಕಡೆ ಒಂದೇ ಸಲ ಹೇಳಿದ ಮಾತಿಗೆ ಕಿಮ್ಮತ್ತಿಲ್ಲ. ಮದುವೆಯ ಕಾರ್ಡು ಕೈಗಿಟ್ಟರೆ ಅದು ಬರೀ ಸುದ್ದಿ. ಹಿಂದಿನ ದಿನ ಮನೆಗೆ ಬಂದು ಕರೆದರೆ ಅರ್ಧ ಆಮಂತ್ರಣ. ಅಕ್ಕಿಕಾಳು ಬಿದ್ದ ಮೇಲೆ ಯಾರಾದರೂ ಕೈಹಿಡಿದು, "ಏಳ್ರಿ, ಊಟಕ್ಕ ನಡೀರಿ" ಎಂದು ಎಳೆದರೆ ಮಾತ್ರ ಅದು ಮರ್ಯಾದೆ. ನನ್ನ ಮದುವೆಯಲ್ಲಿ ಸೋದರಮಾವನೊಬ್ಬ ಎರಡೇ ಸಲ ಕರೆದರೆಂದು ಉಪವಾಸ ಎದ್ದು ಹೋದ. ನಾನೇನು ಇದಕ್ಕೆ ಹೊರತಲ್ಲ. ಗ್ಯಾಸು ಬಂದ್ ಮಾಡಿದೆಯಾ ಎಂದು ಹೆಂಡತಿಯನ್ನು ಬಸ್‌ಸ್ಟ್ಯಾಂಡಿನ ತನಕ ಕೇಳಿಕೊಂಡು ಹೋಗುವ ಜಾತಿಯವನು.

ಇಂಥ ನಾನು ಆಗ ಗೋಕಾಕಿನ ಒಂದು ಖಾಸಗಿ ಡೇರಿಯಲ್ಲಿ ಹಾಲು ಇಳಿಸಿಕೊಳ್ಳುವ ವಿಭಾಗದ ಇನ್‌ಚಾರ್ಜ್ ಆಗಿದ್ದೆ. ಮೂಡಲಗಿ ಮತ್ತು ಹುಕ್ಕೇರಿಯ ಶೀತಲ ಕೇಂದ್ರಗಳಿಂದ ಟ್ಯಾಂಕರುಗಳು ಬರುತ್ತಿದ್ದವು. ಟ್ಯಾಂಕರು ಬಿಟ್ಟ ಸುದ್ದಿ ಫೋನಿನಲ್ಲಿ ಬರಬೇಕು, ಅದನ್ನು ನಾವು ಲ್ಯಾಬಿಗೆ, ಪ್ಲಾಂಟಿಗೆ, ಲೆಕ್ಕದವರಿಗೆ ಹೇಳಬೇಕು. ಫೋನು ಎತ್ತಿದವನು ಚಹಾ ಕುಡಿಯಲು ಹೋದರೆ ಸುದ್ದಿಯೂ ಅವನ ಜೊತೆ ಚಹಾ ಕುಡಿಯಲು ಹೋಗುತ್ತಿತ್ತು. ಮೊಬೈಲು ಇನ್ನೂ ನಮ್ಮಂಥವರ ಜೇಬಿಗೆ ಬಂದಿರಲಿಲ್ಲ.

ಇದಕ್ಕೆ ಮದ್ದು ತಂದವಳು ಸುಜಾತಾ. ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಕಲಿತು ನಮ್ಮ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದ ಹುಡುಗಿ. "ನಡುವ ಒಂದು ಮೆಸೇಜ್ ಬ್ರೋಕರ್ ಇಡೂಣ್ರಿ ಸರ್" ಅಂದಳು. ಬ್ರೋಕರ್ ಅಂದರೆ ಕಮಿಷನ್ ಎಷ್ಟು ಎಂದು ನನ್ನ ಹೆಂಡತಿ ಮನೆಯಲ್ಲಿ ಕೇಳಿದ್ದುಂಟು. ಕಮಿಷನ್ ಇಲ್ಲದ ಬ್ರೋಕರು ಅದು. ಮೂಡಲಗಿಯಲ್ಲಿ ಟ್ಯಾಂಕರು ಬಿಟ್ಟ ಕೂಡಲೇ ಅಲ್ಲಿಯವರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಬೇಕು. ಸುದ್ದಿ ಈ ಬ್ರೋಕರಿನ ಕೈಗೆ ಬರುತ್ತದೆ. ಅದು ಯಾರ್ಯಾರಿಗೆ ಬೇಕೋ ಅವರಿಗೆಲ್ಲ ಮುಟ್ಟಿಸುತ್ತದೆ. ತೆಗೆದುಕೊಳ್ಳುವವನು ಜಾಗದಲ್ಲಿ ಇಲ್ಲದಿದ್ದರೆ ಅವನು ಬರುವ ತನಕ ಸುದ್ದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಇಂಥ ಗುಣವುಳ್ಳ ಮನುಷ್ಯನನ್ನು ನಾನು ನಮ್ಮ ಬೀಗರಲ್ಲೂ ಕಂಡಿಲ್ಲ.

ಆದರೆ ಅದನ್ನು ಹೊಂದಿಸುವುದಿತ್ತಲ್ಲ, ಅದೆಲ್ಲ ಕೈಗೆಲಸ. ಯಾವ ಸುದ್ದಿ ಯಾವ ಸಾಲಿಗೆ, ಆ ಸಾಲಿಗೆ ಯಾರು ಕಿವಿಗೊಡಬೇಕು, ಮುಟ್ಟದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಅವಳೇ ಕೂತು ಟೈಪು ಮಾಡಿದಳು. ಒಂದು ಚುಕ್ಕಿ ತಪ್ಪಿದರೆ ಇಡೀ ಯಂತ್ರ ಮುನಿಸಿಕೊಂಡು ಕೂರುತ್ತಿತ್ತು. ಅವಳು ಮುನಿಸಿಕೊಳ್ಳುತ್ತಿರಲಿಲ್ಲ. ತುಟಿ ಕಚ್ಚಿ ಮೊದಲಿನಿಂದ ಓದುತ್ತಿದ್ದಳು. ನನಗೆ ಅವಳ ಮೇಲೆ ಆಗಲೇ ಬಹಳ ಅಭಿಮಾನ ಹುಟ್ಟಿತ್ತು.

ಯಂತ್ರ ಶುರುವಾದ ಹೊಸತರಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಮೂಡಲಗಿಯಿಂದ ಮೂರು ಟ್ಯಾಂಕರು ಹೊರಟಿವೆ ಎಂದು ಪರದೆಯ ಮೇಲೆ ಬಂತು. ನಮ್ಮಲ್ಲಿ ಅಷ್ಟಕ್ಕೇ ಜಾಗವಿತ್ತು. ಹೀಗಾಗಿ ಬ್ರೋಕರು ತನಗೆ ಹೇಳಿಕೊಟ್ಟ ಹಾಗೆ ಹುಕ್ಕೇರಿಗೆ "ಜಾಗವಿಲ್ಲ, ಗಾಡಿ ಬಿಡಬೇಡಿ" ಎಂದು ಸುದ್ದಿ ಕಳಿಸಿತು. ಹುಕ್ಕೇರಿಯಲ್ಲಿ ತುಂಬಿದ ಟ್ಯಾಂಕರು ಬಿಸಿಲಲ್ಲಿ ನಿಂತಿತು. ಹತ್ತರಗಿಯಿಂದ ಹಿಡಿದು ಸುತ್ತಲಿನ ಹಳ್ಳಿಗಳ ಬೆಳಗಿನ ಹಾಲೆಲ್ಲ ಅದರಲ್ಲಿತ್ತು. ಅದು ಒಡೆದರೆ ಅಷ್ಟೂ ಮನೆಯವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಇತ್ತ ಮೂಡಲಗಿಯಿಂದ ಕಲ್ಲೋಳಿ ದಾಟಿ ಬಂದದ್ದು ಒಂದೇ ಟ್ಯಾಂಕರು. ಇನ್ನೆರಡರ ಸುಳಿವಿಲ್ಲ.

ಮೂಡಲಗಿಗೆ ಫೋನು ಹಚ್ಚಿದೆವು. ಅಲ್ಲಿಯ ಕೇಂದ್ರ ನೋಡಿಕೊಳ್ಳುತ್ತಿದ್ದವರು ಅಣ್ಣಾಸಾಹೇಬ ಕಾಕಾ, ಬಹಳ ಸಭ್ಯ ಜೈನ ಹಿರಿಯರು.

"ಕಾಕಾ, ಎಷ್ಟ್ ಗಾಡಿ ಬಿಟ್ಟೀರಿ?"

"ಒಂದs ರಿ ಸಾಹೇಬ್ರ."

"ಇಲ್ಲಿ ಮೂರು ತೋರಸಾಕತ್ತೈತಲ್ರಿ!"

"ಮೂರ ಸಲ ಒತ್ತೇನ್ರಿ. ಒಂದs ಸಲ ಒತ್ತಿ ಸುಮ್ಮನ ಕುಂತ್ರ ಹೆಂಗ್ರಿ? ಹಿರೇ ಆಫೀಸು, ನಿಮಗೊಂದು ಮರ್ಯಾದಿ ಬ್ಯಾಡೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಕಾಕಾನ ಜಾಗದಲ್ಲಿ ನಾನಿದ್ದಿದ್ದರೆ ಐದು ಸಲ ಒತ್ತುತ್ತಿದ್ದೆ ಎಂಬುದೂ ಹೊಳೆಯಿತು. ಸುಜಾತಾ ಫೋನು ಇಸಿದುಕೊಂಡಳು. "ಇರ್ಲಿ ಬಿಡ್ರಿ ಕಾಕಾ, ನಿಮ್ಮದೇನೂ ತಪ್ಪಿಲ್ಲ. ನೀವು ಎಷ್ಟ್ ಸಲ ಒತ್ತಿದ್ರೂ ನಡಿಯೂಹಂಗ ಮಾಡ್ತೇನಿ" ಅಂದಳು. ಕಂಪ್ಯೂಟರಿನ ಮುಂದೆ ಕೂತಳು. ಒಂದು ಗಾಡಿಗೆ ಒಂದೇ ಗೇಟ್‌ಪಾಸು, ಅದರ ನಂಬರು ಸುದ್ದಿಯ ಜೊತೆಗೇ ಬರುತ್ತದೆ. ಅದೇ ಪಾಸಿನ ನಂಬರು ಮತ್ತೆ ಬಂದರೆ ವಿನಯದಿಂದ ತೆಗೆದುಕೊಂಡು ಬಾಜೂಕ್ಕಿಡು, ಯಾರಿಗೂ ಹೇಳಬೇಡ ಎಂದು ಬ್ರೋಕರಿಗೆ ಬರೆದು ಕಲಿಸಿದಳು. ಊರಿನ ರೂಢಿ ತಿದ್ದುವ ಗೋಜಿಗೆ ಹೋಗದೆ ಯಂತ್ರಕ್ಕೇ ನಮ್ಮೂರ ನಡತೆ ಕಲಿಸಿದ ಆ ಹುಡುಗಿಗೆ ಅಲ್ಲೇ ಕೈಮುಗಿಯಬೇಕು ಅನ್ನಿಸಿತು. ಪರದೆಯ ಮೇಲೆ ಮೂರು ಹೋಗಿ ಒಂದಾಯಿತು. "ಹುಕ್ಕೇರಿಗೆ ಗಾಡಿ ಬಿಡ್ರಿ ಅಂತ ಸುದ್ದಿ ಹೋತ್ರಿ ಸರ್" ಅಂದಳು.

ಹೋಯಿತು ಅಂದರೆ ಮುಟ್ಟಿತು ಅಂತಲೇ? ಹುಕ್ಕೇರಿಗೆ ಫೋನು ಮಾಡಿದೆ. ಎಂಗೇಜು. ಮತ್ತೆ ಮಾಡಿದೆ. ಎಂಗೇಜು. ಅಲ್ಲಿಯ ಕಂಪ್ಯೂಟರು ಸುದ್ದಿ ತರಿಸಿಕೊಳ್ಳುವುದು ಅದೇ ಫೋನ್ ಲೈನಿನಲ್ಲಿ, ಎಂಗೇಜು ಬಂದರೆ ಸುದ್ದಿ ಹೋಗುತ್ತಿದೆ ಎಂದೇ ಅರ್ಥ ಎಂದು ಸುಜಾತಾ ಬಿಡಿಸಿ ಹೇಳಿದಳು. ತಲೆಯಾಡಿಸಿದೆ. ಅವಳು ಅತ್ತ ತಿರುಗುತ್ತಲೇ ಸ್ಕೂಟರು ಹತ್ತಿ, ನಾನೇ ಹುಕ್ಕೇರಿಗೆ ಹೋಗಿ ಬಾಯಾರೆ ಹೇಳಿಬರುತ್ತೇನೆಂದು ಹೊರಟುಬಿಟ್ಟೆ.

ಘಟಪ್ರಭಾ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಧೂಳೆಬ್ಬಿಸುತ್ತ ನಮ್ಮ ಟ್ಯಾಂಕರೇ ಬಂತು. ಕೈ ಬೀಸಿದೆ. ಡ್ರೈವರನೂ ಖುಷಿಯಿಂದ ಕೈ ಬೀಸಿ ಹೋದ. ಸ್ಕೂಟರು ತಿರುಗಿಸಿದೆ, ಅದು ನಿಂತುಹೋಯಿತು. ಬಲಕ್ಕೆ ವಾಲಿಸಿ ಒದ್ದೆ, ಎಡಕ್ಕೆ ವಾಲಿಸಿ ಒದ್ದೆ, ಅದರ ಕಂಪನಿಯವರ ಮನೆತನವನ್ನೆಲ್ಲ ನೆನೆದೆ. ಅದಕ್ಕೆ ಮನಸ್ಸು ಬಂದಾಗ ನನ್ನ ಅಂಗಿ ಮೈಗೆ ಅಂಟಿತ್ತು.

ಡೇರಿಗೆ ಬಂದರೆ ಟ್ಯಾಂಕರು ಗೇಟಿನ ಬಳಿ ಬಿಸಿಲಲ್ಲೇ ನಿಂತಿದೆ. ಸ್ಕೂಟರು ಅಲ್ಲೇ ಬಿಟ್ಟು ಒಳಗೆ ಸುಜಾತಾಳ ಬಳಿ ಓಡಿದೆ.

"ಹಾಲು ಒಡೀತೇನವಾ?"

"ಇಲ್ರಿ ಸರ್, ಲ್ಯಾಬಿನ್ಯಾಗ ಪಾಸ್ ಆಗೇತಿ. ಆದ್ರ ಲಗೂನ ಇಳಿಸಬೇಕ್ರಿ."

"ಮತ್ತ ಯಾಕ ಇಳಿಸಿಲ್ಲ? ಯಾರಿಗೆ ಸುದ್ದಿ ಮುಟ್ಟಿಲ್ಲ?"

ಅವಳು ಸಂಕೋಚದಿಂದ ನನ್ನ ಮೇಜಿನ ಪರದೆಯ ಕಡೆ ನೋಡಿದಳು. ಇನ್‌ಚಾರ್ಜ್ ಸಹಿಯಿಲ್ಲದೆ ಹನಿ ಹಾಲೂ ಇಳಿಸಕೂಡದು ಎಂದು ಹುಕುಂ ಮಾಡಿದವನು ನಾನೇ. ಗಾಡಿ ಬಂದಿದೆ, ಬಂದು ಸಹಿ ಮಾಡಿರಿ ಎಂಬ ಸುದ್ದಿ ಹಿಡಿದುಕೊಂಡು ಬ್ರೋಕರು ನನ್ನ ಖಾಲಿ ಕುರ್ಚಿಯ ಮುಂದೆ ಕಾಯುತ್ತಿತ್ತು. ಒಂದೇ ಸಲ ಹೇಳಿ, ಬೇಸರವಿಲ್ಲದೆ ಕಾಯುತ್ತಿತ್ತು.