ಸೋರುವ ಕೋಣೆಯಲ್ಲಿ ಸಾಹೇಬರ ತಟ್ಟೆ

ಮಳೆಗಾಲದಲ್ಲಿ ನಮ್ಮ ಸೋದರತ್ತೆಯ ಕೈಯಡುಗೆ ಉಂಡು ಒಣ ಬಟ್ಟೆಯಲ್ಲಿ ಎದ್ದುಹೋದ ಸರ್ಕಾರಿ ಅಧಿಕಾರಿ ಈ ಭೂಮಿಯ ಮೇಲೆ ಒಬ್ಬರೂ ಇಲ್ಲ! ಉತ್ಪ್ರೇಕ್ಷೆ ಎನಿಸಿದರೆ ಒಂದು ಜುಲೈ ತಿಂಗಳಲ್ಲಿ ನೀವೇ ಬಂದು ಉಂಡು ನೋಡಿ. ಬರುವಾಗ ಟವೆಲ್ ತರುವುದನ್ನು ಮರೆಯಬೇಡಿ.

ಅತ್ತೆ ಮುಂಡಗೋಡ ತಾಲೂಕಿನಲ್ಲಿ, ಅತ್ತಿವೇರಿಯ ಕಡೆಯ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಶಾಲೆಗಿರುವುದು ಎರಡೇ ಕೋಣೆ, ಅದರಲ್ಲೊಂದು ಸೋರುತ್ತಿತ್ತು. ಮಳೆ ಬಂತೆಂದರೆ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳೆಲ್ಲ ಇನ್ನೊಂದರಲ್ಲಿ. ಆ ಗೋಡೆಯ ಕಡೆ ಮಗ್ಗಿ, ಈ ಗೋಡೆಯ ಕಡೆ ಪದ್ಯ! ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರೊಬ್ಬರು ರುಚಿ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕೆಂಬುದು ಬಿಸಿಯೂಟದ ನಿಯಮ. ಬೇರೆಯವರಿಗೆ ಅದು ನಿಯಮ, ನಮ್ಮ ಅತ್ತೆಗೆ ಆಯುಧ! ಯಾವ ಸಾಹೇಬರು ಬಂದರೂ ರುಚಿ ನೋಡುವ ಗೌರವ ಅವರಿಗೇ. ತಟ್ಟೆ ಮಾತ್ರ ಸೋರುವ ಕೋಣೆಯಲ್ಲಿ, ಒಡೆದ ಹಂಚಿನ ನೇರ ಕೆಳಗೆ.

ಒಮ್ಮೆ ತಾಲೂಕು ಕಚೇರಿಯಿಂದ ಬಂದ ಸಾಹೇಬರು, ಪಾಪ, ಎರಡು ಸಲ ಸರಿದು ಕೂತರು. ಅತ್ತೆ ಎರಡು ಸಲವೂ ತಟ್ಟೆಯನ್ನು ಮೊದಲಿನ ಜಾಗಕ್ಕೇ ಎಳೆದಳು. ಉಂಡು ಮುಗಿಸಿ ಅವರು ಪುಸ್ತಕದಲ್ಲಿ ಬರೆದರು: ಸಾರು ಸ್ವಲ್ಪ ತೆಳ್ಳಗಿದೆ.

"ಸಾರು ನಾ ಗಟ್ಟಿನ ಮಾಡಿದ್ದೆರೀ ಸಾಹೇಬ್ರ. ನೀರು ನಿಮ್ಮ ಹಂಚಿಂದು. ಅದನ್ನೂ ಬರೀರಿ," ಎಂದಳು ಅತ್ತೆ.

"ನಾವೇನ ಮಾಡೂಣು ಅಮ್ಮಾರ? ಅನುದಾನ ಮ್ಯಾಲಿಂದ ಬರಬೇಕು."

"ಮ್ಯಾಲಿಂದ ಬರೇ ನೀರ ಬರಾಕತ್ತೈತ್ರಿ!"

ಹೆಡ್ ಮಾಸ್ತರರು ಬಾಗಿಲ ಮರೆಗೆ ಹೋಗಿ ನಕ್ಕು ಬಂದರಂತೆ.

ಆದರೆ ನಗುವ ಸಂಗತಿಯೇನೂ ಅಲ್ಲ. ಸೋರುವ ಶಾಲೆಗೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಶುಲ್ಕ ಕಟ್ಟುವ ಶಕ್ತಿ ಇದ್ದವರು ಒಬ್ಬೊಬ್ಬರಾಗಿ ಮಕ್ಕಳನ್ನು ಪೇಟೆಯ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸತೊಡಗಿದರು. ಹೀಗೇ ಇನ್ನಷ್ಟು ಮಂದಿ ಹೋದರೆ ಶಾಲೆಗೆ ಬೀಗ ಬೀಳುವುದು ಖಂಡಿತ. ಆಗ ವ್ಯಾನಿಗೆ ಕೊಡಲು ದುಡ್ಡಿಲ್ಲದ ಕೂಲಿಯವರ ಮಕ್ಕಳು ಎಲ್ಲಿಗೆ ಹೋಗಬೇಕು? ಅತ್ತೆಗೆ ಅದೇ ಚಿಂತೆ. ಅವಳು ಕಂಡುಕೊಂಡ ಉಪಾಯವನ್ನಾದರೂ ಕೇಳಿ! ದಿನಾ ಬೆಳಿಗ್ಗೆ ಕೈಯಲ್ಲಿ ಸೌಟು ಹಿಡಿದು ವ್ಯಾನಿನ ಎದುರು ನಿಲ್ಲುವುದು, ಆ ದಿನದ ಅಡುಗೆಯನ್ನು ಸಾರುವುದು.

"ಇವತ್ತ ತತ್ತಿ ಐತಿ! ಸಾರಿಗೆ ಎಳಿ ಬದನಿಕಾಯಿ ಹಾಕತೇನಿ!"

ಒಳಗಿನ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದರು. ಒಂದು ದಿನ ಡ್ರೈವರನೇ ಕೈ ಮುಗಿದ: "ಯವ್ವಾ, ಸಾಕ ಮಾಡ ಬೇ! ಗಾಡಿ ಹೊಡಿಯಾವ ನಾನು, ನನಗ ಹಸಿವಿ ಆಗಾಕತ್ತೈತಿ!" ವ್ಯಾನಿನಿಂದ ಮಕ್ಕಳು ಇಳಿದರೇ? ಒಬ್ಬರೂ ಇಳಿಯಲಿಲ್ಲ. ಮೊಟ್ಟೆಯ ಆಸೆ ಮಕ್ಕಳಿಗಿತ್ತು, ಹಂಚಿನ ಭಯ ಹೆತ್ತವರಿಗಿತ್ತು.

ಕೊನೆಗೂ ಹೋದ ಬೇಸಿಗೆಯ ಮೊದಲು ಒಬ್ಬ ಎಂಜಿನಿಯರು ಟೇಪು ಹಿಡಿದು ಬಂದರು. ಆ ದಿನ ನಾನೂ ದಾಂಡೇಲಿಯಿಂದ ಅತ್ತೆಯನ್ನು ನೋಡಲು ಹೋಗಿದ್ದೆ. ಕೋಣೆ ಅಳೆದರು, ಅತ್ತೆಯ ಅಡುಗೆ ಮನೆಯನ್ನೂ ಅಳೆದರು. ಅಡುಗೆ ಮನೆ ಎಂದರೆ ತುಕ್ಕು ಹಿಡಿದು ತೂತುಬಿದ್ದ ನಾಲ್ಕು ತಗಡು, ಅಷ್ಟೇ.

"ಬಂದ ಅನುದಾನದಾಗ ಒಂದ ಕೆಲಸ ಆಗ್ತೈತ್ರಿ ಮಾಸ್ತರ. ಕೋಣಿ ಇಲ್ಲಾ ಅಡಗಿ ಮನಿ. ಯಾವುದು ಬರಕೊಳ್ಳೂಣು?" ಎಂದು ಎಂಜಿನಿಯರು ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಮಕ್ಕಳ ತಲೆಯ ಮೇಲೆ ಸೂರು ಬೇಕೋ, ಅವರು ಉಣ್ಣುವ ಅನ್ನದ ಮೇಲೆ ಸೂರು ಬೇಕೋ ಎಂದು ಒಂದು ಶಾಲೆಯನ್ನು ಕೇಳುವುದೇ? ಮಾಸ್ತರರು ಅತ್ತೆಯ ಮುಖ ನೋಡಿದರು. ಸಾಹೇಬರ ಬಾಯಿ ಮುಚ್ಚಿಸುವ ಅತ್ತೆ ಅಂದು ಜಗಳ ತೆಗೆಯಲಿಲ್ಲ.

"ಕೋಣಿ ಮಾಡ್ರಿ. ಹುಡುಗೂರು ಕಲೀಲಿ. ನನ್ನ ಒಲಿ ನಾ ನೋಡ್ಕೋತೇನಿ."

ಈ ಮಳೆಗಾಲದಲ್ಲಿ ಮತ್ತೆ ಹೋದೆ. ಹೊಸ ಚಾವಣಿಯ ಕೆಳಗೆ ಮಕ್ಕಳು ಬೆಚ್ಚಗೆ ಕೂತು ಓದುತ್ತಿದ್ದರು. ವ್ಯಾನಿನಿಂದ ಇಬ್ಬರು ಮರಳಿ ಬಂದಿದ್ದಾರೆಂದು ಮಾಸ್ತರರು ಸಂತೋಷದಿಂದ ಹೇಳಿದರು. ನಾನು ಅತ್ತೆಯನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ತಗಡಿನ ತೂತುಗಳಿಂದ ಮಳೆ ಸುರಿಯುತ್ತಿತ್ತು. ಅತ್ತೆ ಎಡಗೈಯಲ್ಲಿ ಛತ್ರಿ ಬಿಚ್ಚಿ ಅನ್ನದ ಹಂಡೆಯ ಮೇಲೆ ಹಿಡಿದಿದ್ದಳು, ಬಲಗೈಯಲ್ಲಿ ಅನ್ನ ತಿರುವುತ್ತಿದ್ದಳು. ಸೀರೆಯೆಲ್ಲ ತೊಯ್ದು ಮೈಗೆ ಅಂಟಿಕೊಂಡಿತ್ತು.

ಛತ್ರಿ ಕಸಿದುಕೊಂಡು ಅವಳ ತಲೆಯ ಮೇಲೆ ಹಿಡಿದೆ.

"ನನಗ ಯಾಕ ಹಿಡಿತೀ? ಅನ್ನದ ಮ್ಯಾಲ ಹಿಡಿ," ಎಂದು ನನ್ನ ಕೈಯನ್ನು ಹಂಡೆಯತ್ತ ಎಳೆದಳು.

ಅನ್ನದ ಮೇಲೆ ಹಿಡಿದೆ. ಇನ್ನೊಂದು ಕೈಯಿಂದ ಅವಳ ಹಣೆಯ ಮೇಲಿನ ನೀರು ಒರೆಸಿದೆ. ಆ ಕೈಯನ್ನು ಮಾತ್ರ ಅತ್ತೆ ಎಳೆಯಲಿಲ್ಲ.